ಪಿಯಾನೊ ಸಂಜೆಯಲ್ಲಿ ನಮ್ಮ ಪಾಲು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಈಗ ರೇಡಿಯೊ ಹಾಕಿಕೊಂಡು ಕೂತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದೇನೆ. ಇವತ್ತಿನ ವಿಷಯ ಯೂರೋಪಿನ ಶಾಸ್ತ್ರೀಯ ಸಂಗೀತದ ಒಂದು ಸಂಜೆ. ಎರಡು ಸಿಂಫೊನಿ, ಅಂದರೆ ಇಡೀ ವಾದ್ಯವೃಂದ ನುಡಿಸುವ ದೊಡ್ಡ ಕೃತಿಗಳು, ನಡುವೆ ಒಂದು ಪಿಯಾನೊ ಕನ್ಚೆರ್ಟೊ. ಹೈಡನ್, ಮೊಝಾರ್ಟ್, ಬೇಥೋವನ್ ಎಂಬ ಮೂವರು ಬರೆದಿಟ್ಟ ಸಂಗೀತ.

‘ಅದೆಲ್ಲ ನಮಗಲ್ಲ, ಬೆಂಗಳೂರಿನ ಇಂಗ್ಲಿಷ್ ಬಲ್ಲ ಜನಕ್ಕೆ’ ಎನ್ನುವ ಮಾತು ನಮ್ಮ ಕಡೆ ಬಹಳ ದಿನದಿಂದ ಇದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಸಿಂಫೊನಿ ಕೇಳುವುದಕ್ಕೆ ಇಂಗ್ಲಿಷ್ ಬೇಕಿಲ್ಲ. ಹೈಡನ್, ಮೊಝಾರ್ಟರ ಸಿಂಫೊನಿಗಳಲ್ಲಿ ಸಾಹಿತ್ಯವೇ ಇಲ್ಲ, ಬರೀ ನಾದ. ಇನ್ನೊಂದು ಕಾರಣವೂ ಉಂಟು. ಆ ಸಂಗೀತದ ಚರಿತ್ರೆಯಲ್ಲಿ ನಮ್ಮ ಮೈಸೂರು ಸಂಸ್ಥಾನದ ಹೆಸರು ಗಟ್ಟಿಯಾಗಿ ಬರೆದಿದೆ. ಆ ಸಂಸ್ಥಾನಕ್ಕೆ ಕಂದಾಯ ಕಟ್ಟಿದವರ ಮೊಮ್ಮಕ್ಕಳು ನಾವು. ಹಾಗಾಗಿ ಇದರಲ್ಲಿ ನಮಗೂ ಪಾಲಿದೆ. ಆ ಪಾಲನ್ನು ಕೇಳಿ ಪಡೆಯಬೇಕು ಅನ್ನುವುದೇ ನನ್ನ ಇವತ್ತಿನ ಮಾತು.

ಮೊದಲು ಒಂದು ನಿಜವಾದ ಸಂಜೆಯನ್ನೇ ತೆಗೆದುಕೊಳ್ಳೋಣ. 1800ನೆಯ ಇಸವಿ, ಏಪ್ರಿಲ್ 2. ಆಸ್ಟ್ರಿಯಾದ ವಿಯೆನ್ನಾ ನಗರ. ಅರಮನೆಗೆ ಅಂಟಿಕೊಂಡ ಬುರ್ಗ್ ನಾಟಕಶಾಲೆಯಲ್ಲಿ ಸಂಜೆ ಆರೂವರೆಗೆ ಕಚೇರಿ. ಏರ್ಪಡಿಸಿದವನು 29 ವರ್ಷದ ಬೇಥೋವನ್. ಆ ಊರಿನಲ್ಲಿ ತನ್ನ ಲಾಭಕ್ಕಾಗಿ ತಾನೇ ನಡೆಸಿದ ಮೊದಲ ಕಚೇರಿ. ಟಿಕೆಟ್ ಬೇಕಾದವರು ಅವನು ಬಾಡಿಗೆಗಿದ್ದ ಮನೆಗೇ ಹೋಗಿ ಕೊಳ್ಳಬಹುದು ಎಂದು ಪ್ರಕಟಣೆಯಲ್ಲಿ ವಿಳಾಸ ಸಮೇತ ಅಚ್ಚಾಗಿತ್ತು. ಶುರುವಿಗೆ ಮೊಝಾರ್ಟನ ಒಂದು ದೊಡ್ಡ ಸಿಂಫೊನಿ. ಮೊಝಾರ್ಟ್ ತೀರಿಕೊಂಡು ಆಗಲೇ ಎಂಟು ವರ್ಷ ಕಳೆದಿತ್ತು. ಆಮೇಲೆ ಹೈಡನ್ನನ ‘ಸೃಷ್ಟಿ’ ಎಂಬ ಗೇಯಕೃತಿಯಿಂದ ಎರಡು ಹಾಡು. ಬೇಥೋವನ್ ತಾನೇ ಕೂತು ನುಡಿಸಿದ ತನ್ನದೊಂದು ಪಿಯಾನೊ ಕನ್ಚೆರ್ಟೊ. ಏಳು ವಾದ್ಯಗಳ ಒಂದು ಕೃತಿ. ನಂತರ ಅವನು ಪಿಯಾನೊ ಮುಂದೆ ಒಬ್ಬನೇ ಕೂತು, ಬರೆದುಕೊಳ್ಳದೆ, ಆ ಗಳಿಗೆಗೆ ಹೊಳೆದದ್ದನ್ನು ನುಡಿಸಿದ. ನಮ್ಮವರು ಮನೋಧರ್ಮ ಅನ್ನುವುದು ಇದನ್ನೇ. ಕೊನೆಗೆ ಅವನ ಮೊದಲ ಸಿಂಫೊನಿ, ಊರಿಗೆಲ್ಲ ಹೊಸದು.

ಒಂದೇ ಕಾರ್ಯಕ್ರಮದಲ್ಲಿ ಮೂವರೂ ಬಂದ ಸಂಜೆ ಅದು. ಅದೇ ವರ್ಷ ತಿರುವೈಯಾರಿನಲ್ಲಿ ತ್ಯಾಗರಾಜರಿದ್ದರು. ಮುತ್ತುಸ್ವಾಮಿ ದೀಕ್ಷಿತರಿಗೆ 25ರ ಆಸುಪಾಸಿನ ಪ್ರಾಯ, ಶ್ಯಾಮಾಶಾಸ್ತ್ರಿಗಳಿಗೆ 38. ತ್ಯಾಗರಾಜರ ತೆಲುಗನ್ನು ಮನೆಮಾತಿನ ಹಾಗೆ ತಿಳಿಯುವ ಪಾವಗಡದ ಕೇಳುಗರಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಎರಡು ಕಡೆಯ ತ್ರಿಮೂರ್ತಿಗಳೂ ಒಂದೇ ಕಾಲದವರು. ನಮ್ಮ ಊರುಗಳ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಿ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದ. ಆಕೆಯನ್ನು ತಂದು ಇಟ್ಟದ್ದು ನಮ್ಮ ಮಧುಗಿರಿ ಕೋಟೆಯಲ್ಲಿ. ಅದೇ 1763ರ ಬೇಸಿಗೆಯಲ್ಲಿ ಏಳು ವರ್ಷದ ಮೊಝಾರ್ಟ್ ತಂದೆಯ ಜೊತೆ ಸಾರೋಟಿನಲ್ಲಿ ಯೂರೋಪ್ ಸುತ್ತಲು ಹೊರಟ. 1792ರ ಮಾರ್ಚಿನಲ್ಲಿ ಟಿಪ್ಪು ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಸಹಿ ಹಾಕಿದ. ಅದೇ ತಿಂಗಳು ಲಂಡನ್ನಿನಲ್ಲಿ ಹೈಡನ್ನನ 94ನೆಯ ಸಿಂಫೊನಿ ಮೊದಲ ಸಲ ಕೇಳಿಸಿತು. ಬೇಥೋವನ್ನನ ಆ ಕಚೇರಿ ನಡೆದ 1800ರಲ್ಲೇ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆ ಮೇರೆಗೆ ಮೈಸೂರು ಸೀಮೆ ಸುತ್ತುತ್ತಾ ಮಧುಗಿರಿ, ಸಿರಾಗಳಿಗೆ ಬಂದ. ಚನ್ನರಾಯನದುರ್ಗದ ಕಡೆಯ ಕಬ್ಬಿಣ, ಉಕ್ಕಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟ. ಈ ಸಂಗೀತ ಎಲ್ಲೋ ದೂರದ, ಯಾವುದೋ ಕಾಲದ್ದು ಅಂತ ಅನ್ನಿಸಿದಾಗ ಈ ಇಸವಿಗಳನ್ನು ನೆನಪಿಗೆ ತಂದುಕೊಳ್ಳಿ.

ಈಗ ಕೇಳುವ ಬಗೆ. ನಮ್ಮ ಕಚೇರಿಯಲ್ಲಿ ತಂಬೂರಿ ಹಿಡಿದ ಷಡ್ಜ ಕೊನೆಯವರೆಗೂ ಅಲುಗುವುದಿಲ್ಲ. ರಾಗಗಳು ಬದಲಾಗುತ್ತವೆ, ಆಧಾರ ಶ್ರುತಿ ಒಂದೇ. ಸಿಂಫೊನಿಯಲ್ಲಿ ಆಧಾರವೇ ಸ್ಥಳ ಬದಲಿಸುತ್ತದೆ. ಒಂದು ಷಡ್ಜದಲ್ಲಿ ಶುರುವಾದ ಸಂಗೀತ ಸ್ವಲ್ಪ ಹೊತ್ತಿಗೆ ಪಂಚಮವನ್ನೇ ಷಡ್ಜ ಮಾಡಿಕೊಂಡು ಅಲ್ಲಿ ಹೊಸದೊಂದು ರಾಗಭಾವ ಹೇಳುತ್ತದೆ. ಮುಂದೆ ಇನ್ನೂ ದೂರದ ಶ್ರುತಿಗಳಿಗೆ ಅಲೆಯುತ್ತದೆ. ಕೊನೆಗೆ ಮೂಲ ಷಡ್ಜಕ್ಕೆ ವಾಪಸಾಗಿ, ಮೊದಲು ಕೇಳಿದ ಮಟ್ಟನ್ನೇ ಮತ್ತೆ ಹೇಳುತ್ತದೆ. ನೆಂಟರ ಊರುಗಳನ್ನೆಲ್ಲ ಸುತ್ತಿ ಸ್ವಂತ ಮನೆಯ ಹೊಸ್ತಿಲು ತುಳಿದಾಗ ಆಗುವ ನೆಮ್ಮದಿ ಇರುತ್ತದಲ್ಲ, ಅದು ಆ ವಾಪಸಾತಿಯಲ್ಲಿ ಕಿವಿಗೆ ಸಿಗುತ್ತದೆ. ಆ ಕಾಲದ ಸಿಂಫೊನಿಯ ಮೊದಲ ಭಾಗಕ್ಕೆಲ್ಲ ಹೆಚ್ಚುಕಡಿಮೆ ಇದೇ ನಡೆ. ಗ್ರಹಭೇದ ಗೊತ್ತಿರುವವರಿಗೆ ಇದು ಬೇಗ ಹಿಡಿಯುತ್ತದೆ. ಗೊತ್ತಿಲ್ಲದವರು ಮೊದಲ ಮಟ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಸಿಂಫೊನಿಗೆ ಸಾಮಾನ್ಯವಾಗಿ ನಾಲ್ಕು ಭಾಗ. ಒಂದು ಚುರುಕು, ಒಂದು ವಿಳಂಬ, ಮೂರನೆಯದು ಮೂರೆಣಿಕೆಯ ಕುಣಿತದ ಲಯ, ಕೊನೆಯದು ದ್ರುತ. ಪಿಟೀಲಿನ ಬಳಗವೇ ಬೆನ್ನೆಲುಬು. ಜೊತೆಗೆ ಕೊಳಲು, ಓಬೊ, ಬಸೂನು, ಹಾರ್ನು, ಕಹಳೆ, ಎರಡು ನಗಾರಿ. ಓಬೊ ಎಂದರೆ ಏನೋ ಎಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ಮೂಡಲಪಾಯ ಯಕ್ಷಗಾನದಲ್ಲಿ ರಾತ್ರಿಯಿಡೀ ಭಾಗವತರ ಬೆನ್ನಿಗೆ ನಿಲ್ಲುವ ಮುಖವೀಣೆಯ ಜಾತಿಯದೇ ಅದು, ಎರಡು ಪೀಪಿ ಜೋಡಿಸಿ ಊದುವ ವಾದ್ಯ. ಮುಖವೀಣೆ ಬಯಲಿಗೆ ಕೇಳಿಸುವಂತೆ ಚುಚ್ಚುತ್ತದೆ. ಓಬೊ ಒಳಾಂಗಣಕ್ಕೆ ತಕ್ಕಂತೆ ಮೆತ್ತಗಾಗಿದೆ. ಸಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಕಾವ್ಯಕ್ಕೆ ಗೊಲ್ಲರು ಊದುವ ಉದ್ದನೆಯ ಗಣೆಯನ್ನು ಕೇಳಿ ಬೆಳೆದವರ ಕಿವಿ ವಾದ್ಯವೃಂದದ ನಡುವೆ ಕೊಳಲಿನ ಉಸಿರು ಎಲ್ಲಿದೆ ಅಂತ ಗುರುತಿಸದೆ ಬಿಡುವುದಿಲ್ಲ. ರಾತ್ರಿಯಿಡೀ ಕೂತು ಕೇಳುವ ಅಭ್ಯಾಸ ಇರುವ ಸೀಮೆ ನಮ್ಮದು. ಅರ್ಧ ಗಂಟೆಯ ಸಿಂಫೊನಿ ನಮಗೆ ಉದ್ದವಾದೀತೇ?

ಚಪ್ಪಾಳೆಯ ವಿಷಯ ಒಂದು ಮಾತು. ಈಗಿನ ಸಭೆಗಳಲ್ಲಿ ನಾಲ್ಕೂ ಭಾಗ ಮುಗಿಯುವವರೆಗೆ ಉಸಿರೆತ್ತುವಂತಿಲ್ಲ. ಆ ಕಾಲದಲ್ಲಿ ಹಾಗಿರಲಿಲ್ಲ. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಸಿಂಫೊನಿಯ ಮೊದಲ ಭಾಗ ನಡೆಯುತ್ತಿರುವಾಗಲೇ, ಒಂದು ಸೊಗಸಾದ ತಿರುವಿಗೆ ಜನ ಚಪ್ಪಾಳೆ ಹೊಡೆದರೆಂದು ಮೊಝಾರ್ಟ್ ಸಂತೋಷದಿಂದ ಅಪ್ಪನಿಗೆ ಕಾಗದ ಬರೆದ. ‘ಭೇಷ್’ ಎನ್ನುವ ನಮ್ಮ ಸಭೆ ಅವನಿಗೆ ಇಷ್ಟವಾಗುತ್ತಿತ್ತು ಎಂದು ನನಗೆ ಖಂಡಿತ ಅನ್ನಿಸುತ್ತದೆ.

ಬೇಥೋವನ್ನನ ಮೊದಲ ಸಿಂಫೊನಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮ ಶಂಕರಾಭರಣದ ಸ್ವರಗಳಲ್ಲಿ ನಿಲ್ಲುವ ಕೃತಿ ಅದು. ಹಾಗಿರುವಾಗ ಷಡ್ಜ ಕೊಟ್ಟು ಶುರು ಮಾಡಬೇಕಲ್ಲವೇ? ಅವನು ಮಾಡುವುದೇ ಬೇರೆ. ಮೊದಲ ಸ್ವರಗುಚ್ಛದಲ್ಲೇ ಕಾಕಲಿ ನಿಷಾದದ ಜಾಗಕ್ಕೆ ಕೈಶಿಕಿ ನಿಷಾದ ಇಟ್ಟು, ಕಿವಿಯನ್ನು ಮಧ್ಯಮದ ಕಡೆಗೆ ಎಳೆಯುತ್ತಾನೆ. ಒಂದು ಕ್ಷಣ ಮಧ್ಯಮವೇ ಷಡ್ಜವೋ ಅನ್ನಿಸುತ್ತದೆ. ಮುಂದಿನ ಹೆಜ್ಜೆಗೆ ಇನ್ನೊಂದು ದಿಕ್ಕು, ಅದರ ಮುಂದಿನದಕ್ಕೆ ಪಂಚಮ. ಮೂಲ ಷಡ್ಜದ ಮೇಲೆ ಗಟ್ಟಿಯಾಗಿ ಕಾಲೂರುವುದು ವೇಗದ ನಡೆ ಬಂದ ಮೇಲೆ. ಕೊನೆಯ ಭಾಗದ ಆರಂಭ ಇನ್ನೂ ಮುದ್ದಾದದ್ದು. ಎಲ್ಲರೂ ಸೇರಿ ಪಂಚಮವನ್ನು ಜೋರಾಗಿ ಹಿಡಿಯುತ್ತಾರೆ, ನಿಲ್ಲಿಸುತ್ತಾರೆ. ಆಗ ಪಿಟೀಲುಗಳಷ್ಟೇ, ಮೆಲ್ಲಗೆ, ಆ ಪಂಚಮದಿಂದ ಮೂರು ಸ್ವರ ಹತ್ತಿ ನಿಲ್ಲುತ್ತವೆ. ಮತ್ತೆ ಅಲ್ಲಿಂದಲೇ ಹೊರಟು ನಾಲ್ಕು ಸ್ವರ. ಮತ್ತೆ ಐದು, ಆರು, ಏಳು. ಸಂಗೀತ ಪಾಠಕ್ಕೆ ಕೂತ ಹುಡುಗಿ ಸ್ವರ ಹತ್ತಿಸುತ್ತಾ ಹೋಗುವ ಅದೇ ಎಚ್ಚರ. ಏಳನೆಯದು ಮುಟ್ಟಿದ್ದೇ ತಡ, ಸಂಗೀತ ದ್ರುತಕ್ಕೆ ನುಗ್ಗುತ್ತದೆ. ಅರ್ಧ ನಿಮಿಷದ ಕೆಲಸ. ಅಲಂಕಾರ ಕಲಿತ ಯಾವ ಮಗುವಿಗಾದರೂ ಇದನ್ನು ಕೇಳಿಸಿ, ಮುಖ ಅರಳುತ್ತದೆ.

ಇನ್ನು ಕನ್ಚೆರ್ಟೊ. ಒಬ್ಬ ವಾದಕ, ಎದುರಿಗೆ ಇಡೀ ವಾದ್ಯವೃಂದ, ಇಬ್ಬರ ನಡುವೆ ಮಾತುಕತೆ. ಮೊಝಾರ್ಟನ 20ನೆಯ ಪಿಯಾನೊ ಕನ್ಚೆರ್ಟೊವನ್ನೇ ಉದಾಹರಣೆಗೆ ಹಿಡಿಯುತ್ತೇನೆ, ಅದು ನನಗೆ ಎಲ್ಲಕ್ಕಿಂತ ಪ್ರಿಯ. 1785ರ ಫೆಬ್ರವರಿ 11ರಂದು ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದ್ದು. ಆ ದಿನವೇ ಊರಿಗೆ ಬಂದಿಳಿದ ತಂದೆ ಲಿಯೊಪೋಲ್ಡ್ ಮಗಳಿಗೆ ಬರೆದ ಕಾಗದದಲ್ಲಿ ವಿಷಯ ಇದೆ: ತಾನು ಹೋದಾಗ ನಕಲುಗಾರ ಇನ್ನೂ ವಾದ್ಯವೃಂದದ ಹಾಳೆಗಳನ್ನು ಬರೆಯುತ್ತಲೇ ಇದ್ದ, ನಕಲಿನ ಮೇಲೆ ಕಣ್ಣಿಡಬೇಕಾಗಿದ್ದ ಮಗನಿಗೆ ಕೊನೆಯ ಭಾಗವನ್ನು ಒಮ್ಮೆ ನುಡಿಸಿ ನೋಡಲೂ ಪುರಸೊತ್ತಿರಲಿಲ್ಲ ಎಂದು. ಅಂಥ ಗಡಿಬಿಡಿಯಲ್ಲಿ ಹುಟ್ಟಿದ ಕೃತಿ ಇಷ್ಟು ಗಂಭೀರವಾಗಿದೆ ಅನ್ನುವುದು ನನಗೆ ಇವತ್ತಿಗೂ ಬೆರಗು. ಸ್ವರಗಳು ನಮ್ಮ ಕೀರವಾಣಿಗೆ ಹತ್ತಿರ. ತಾಳದ ಪೆಟ್ಟು ತಪ್ಪಿಸಿ ಮಿಡಿಯುವ ಪಿಟೀಲುಗಳು, ಕೆಳಗೆ ಗುಡುಗಿನಂತೆ ಏಳುವ ಮಂದ್ರ ತಂತಿಗಳು. ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಈ ಆತಂಕ. ಆಮೇಲೆ ಪಿಯಾನೊ ಬರುತ್ತದೆ, ಒಂಟಿಯಾಗಿ, ಅಲ್ಲಿಯವರೆಗೆ ಯಾರೂ ಹೇಳಿರದ ಒಂದು ಮಟ್ಟನ್ನು ಹಿಡಿದು.

ಪಿಯಾನೊ ಅಂದರೆ ಮಣೆ ಒತ್ತಿದರೆ ಒಳಗಿನ ಸುತ್ತಿಗೆ ತಂತಿಗೆ ಹೊಡೆಯುವ ವಾದ್ಯ. ಮೊಝಾರ್ಟನ ಪಿಯಾನೊಗೆ ಮರದ ಚೌಕಟ್ಟು, ಐದೇ ಸ್ಥಾಯಿ. ಹೊಡೆದ ನಾದ ಬೇಗ ಆರಿಹೋಗುತ್ತಿತ್ತು. ವೀಣೆಯದೂ ಅದೇ ಕಷ್ಟ, ಮೀಟಿದ ಸ್ವರ ಕರಗುತ್ತಾ ಹೋಗುತ್ತದೆ. ನಮ್ಮ ವೈಣಿಕರು ತಂತಿ ಎಳೆದು ಗಮಕದಿಂದ ಆ ಖಾಲಿಯನ್ನು ತುಂಬಿದರು. ಪಿಯಾನೊದಲ್ಲಿ ತಂತಿ ಎಳೆಯುವಂತಿಲ್ಲ. ಮೊಝಾರ್ಟ್ ಎಡಗೈಗೆ ಬಿಡಿಬಿಡಿ ಸ್ವರಗಳ ಎಡೆಬಿಡದ ಓಟ ಕೊಟ್ಟ, ಬಲಗೈಗೆ ಕಂಪನ, ತಿರುಪುಗಳನ್ನು ಕೊಟ್ಟ. ಗಮಕವಿಲ್ಲದ ಸಂಗೀತ ಒಣಗಲು ಎಂದುಕೊಂಡವರು ಈ ಕನ್ಚೆರ್ಟೊದ ಎರಡನೆಯ ಭಾಗವನ್ನು ಕೇಳಬೇಕು. ಲಾಲಿ ಹಾಡಿನ ಹಾಗೆ ಹೋಗುತ್ತಿರುವ ನಡುವೆ ತಟ್ಟನೆ ಬಿರುಗಾಳಿ, ಮತ್ತೆ ಅದೇ ಲಾಲಿ.

ಮೊದಲ ಭಾಗ ಮುಗಿಯುವ ಹೊತ್ತಿಗೆ ಒಂದು ಜಾಗದಲ್ಲಿ ವಾದ್ಯವೃಂದ ಪೂರ್ತಿ ನಿಂತುಬಿಡುತ್ತದೆ. ಇನ್ನು ಪಿಯಾನೊದ ಸರದಿ, ವಾದಕರೊಬ್ಬರೇ, ತಾಳದ ಹಂಗಿಲ್ಲದೆ, ಆವರೆಗಿನ ಮಟ್ಟುಗಳನ್ನೆಲ್ಲ ಬಿಚ್ಚಿ ಹೆಣೆಯುತ್ತಾರೆ. ಇದಕ್ಕೆ ಕಡೆನ್ಜಾ ಎನ್ನುತ್ತಾರೆ. ನಮ್ಮ ತನಿ ಆವರ್ತನ ನೋಡಿದವರಿಗೆ ಇದು ಹೊಸದಲ್ಲ. ಮೃದಂಗದವರು ಮೋಹರಾ, ಕೋರ್ವೆ ಹಾಕಿದರೆ ಹಾಡುವವರು ‘ಈಗ ನಾನು ಎತ್ತಿಕೊಳ್ಳಬೇಕು’ ಅಂತ ಸಿದ್ಧವಾಗುತ್ತಾರಲ್ಲ, ಅಲ್ಲಿ ಅದೇ ಕೆಲಸವನ್ನು ಒಂದು ದೀರ್ಘ ಸ್ವರಕಂಪನ ಮಾಡುತ್ತದೆ. ಅದು ಕೇಳಿದೊಡನೆ ಎಲ್ಲರೂ ಕಮಾನು ಎತ್ತುತ್ತಾರೆ. ಈ ಕೃತಿಗೆ ಮೊಝಾರ್ಟ್ ನುಡಿಸಿದ ಕಡೆನ್ಜಾ ಉಳಿದುಬಂದಿಲ್ಲ. ಮುಂದೆ ಬೇಥೋವನ್ ಇದಕ್ಕೆ ಕಡೆನ್ಜಾ ಬರೆದುಕೊಟ್ಟ. ಇಂದಿಗೂ ಬಹಳ ಪಿಯಾನೊ ವಾದಕರು ಅದನ್ನೇ ನುಡಿಸುತ್ತಾರೆ. ಕೃತಿ ಮುಗಿಯುವುದು ಶಂಕರಾಭರಣದ ಬೆಳಕಿನಲ್ಲಿ.

ನಮ್ಮ ಪಾಲಿನ ವಿಷಯಕ್ಕೆ ಬರುತ್ತೇನೆ. ಎರಡು ಸಂಗೀತಗಳ ಕೊಡುಕೊಳ್ಳುವಿಕೆ ದಕ್ಷಿಣದಲ್ಲಿ ಹಳೆಯದು. ಮದರಾಸಿನ ಕೋಟೆಯ ಬ್ಯಾಂಡಿನ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯ ಹೊಂದಿಸಿ ನೋಟ್ಟುಸ್ವರಗಳನ್ನು ರಚಿಸಿದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ತಂದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅರಮನೆಯ ವಾದ್ಯವೃಂದಗಳನ್ನು ಬೆಳೆಸಿದರು. ಜರ್ಮನಿಯ ಆಟೊ ಷ್ಮಿಟ್ ಪಾಶ್ಚಾತ್ಯ ವೃಂದ ನೋಡಿಕೊಂಡರು, ವೀಣೆ ವೆಂಕಟಗಿರಿಯಪ್ಪನವರು ವೃಂದವಾದನಕ್ಕೆಂದೇ ನಗ್ಮಾಗಳನ್ನು ರಚಿಸಿದರು.

ಆದರೆ ಈ ಕಥೆಯ ನಿಜವಾದ ನಾಯಕರು ಜಯಚಾಮರಾಜ ಒಡೆಯರು. ಹುಟ್ಟಿದ್ದು 1919ರಲ್ಲಿ, ಪಟ್ಟಕ್ಕೆ ಬಂದದ್ದು 1940ರಲ್ಲಿ. ಪಿಯಾನೊದಲ್ಲಿ ಪಳಗಿದ ಕೈ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದರು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ‘ಶ್ರೀವಿದ್ಯಾ’ ಅಂಕಿತದಿಂದ 94 ಕೃತಿಗಳನ್ನು ರಚಿಸಿದವರೂ ಇವರೇ. ಒಂದನ್ನು ಪ್ರೀತಿಸಲು ಇನ್ನೊಂದನ್ನು ಬಿಡಬೇಕು ಎಂದು ಅವರಿಗೆ ಅನ್ನಿಸಲಿಲ್ಲ.

1945ರ ಅಕ್ಟೋಬರ್ 27ರಂದು ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಎಂಬ ಹೊಸ ವಾದ್ಯವೃಂದ ಮೊದಲ ಕಚೇರಿ ಕೊಟ್ಟಿತು, ಪೂರ್ತಿ ಮೊಝಾರ್ಟನ ಕೃತಿಗಳೇ. ಯುದ್ಧ ಆಗಷ್ಟೇ ಮುಗಿದಿತ್ತು, ಊರು ಬಾಂಬಿನಿಂದ ಹಾಳಾಗಿತ್ತು, ವೃಂದಕ್ಕೆ ಹಣದ ಆಸರೆ ಇರಲಿಲ್ಲ. ಅದನ್ನು ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಅರಮನೆಯ ಧ್ವನಿಮುದ್ರಿಕೆಗಳ ಭಂಡಾರ ಕಂಡು ದಂಗಾದರು. ಆಗಿನದು ಒಂದು ಬದಿಗೆ ನಾಲ್ಕು ನಿಮಿಷದ ಅರಗಿನ ತಟ್ಟೆ. ಒಂದು ಸಿಂಫೊನಿ ಕೇಳಲು ಏಳೆಂಟು ಸಲ ತಟ್ಟೆ ತಿರುಗಿಸಬೇಕು, ಮುಳ್ಳು ಇಡಬೇಕು. ಅಂಥವನ್ನು ಸಾವಿರಗಟ್ಟಲೆ ಕೂಡಿಸಿ ಕೇಳಿದವರು ಮಹಾರಾಜರು. ಲೆಗ್ ಬರೆದಿರುವಂತೆ, ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಅವರು ಒಪ್ಪಿದರು. ಫಿಲ್‌ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರು ನಮ್ಮ ಮೈಸೂರಿನ ಮಹಾರಾಜರು.

ಲಂಡನ್ನಿನಲ್ಲಿ ನೆಲೆಸಿ, ವಯಸ್ಸಾಗಿ, ಜನ ಮರೆತಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ತನ್ನ ಮೂರೂ ಪಿಯಾನೊ ಕನ್ಚೆರ್ಟೊಗಳನ್ನು ತಾನೇ ನುಡಿಸಿ ಮುದ್ರಿಸಲು ಸಾಧ್ಯವಾದದ್ದು ಈ ಮಹಾರಾಜರ ಹಣದಿಂದ. ಮೆಟ್ನರ್ ಮೂರನೆಯ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಜರ್ಮನಿಯ ವಾಗ್ಗೇಯಕಾರ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಗೀತೆಗಳು ಲೋಕಕ್ಕೆ ಮೊದಲ ಬಾರಿ ಕೇಳಿಸಿದಾಗಲೂ ಬೆನ್ನಿಗೆ ನಿಂತವರು ಮಹಾರಾಜರೇ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಸಂಜೆಯ ಧ್ವನಿಮುದ್ರಣ ಉಳಿದಿರುವುದು ಅದು ಮೈಸೂರಿಗೆ ಬೇಕು ಎಂದು ಮಹಾರಾಜರು ಕೇಳಿದ್ದರಿಂದ.

ಆ ಹಣ ಎಲ್ಲಿಯದು? ಅರಮನೆಗೆ ಸಲ್ಲುತ್ತಿದ್ದದ್ದು ಸಂಸ್ಥಾನದ ಬೊಕ್ಕಸದಿಂದ. ಬೊಕ್ಕಸಕ್ಕೆ ಮಧುಗಿರಿಯ ರಾಗಿ ಹೊಲದಿಂದಲೂ, ಪಾವಗಡದ ಕಡಲೆಕಾಯಿ ಬೆಳೆದವರಿಂದಲೂ ಕಂದಾಯ ಸೇರುತ್ತಿತ್ತು. ಸುತ್ತಲೂ ಮದರಾಸು ಪ್ರಾಂತ್ಯ ಇದ್ದ ಪಾವಗಡವೂ ಮೈಸೂರಿನದೇ. ನಮ್ಮ ಅಜ್ಜಂದಿರು ಆ ಪಿಯಾನೊ ಕೇಳಲಿಲ್ಲ. ಅದು ಅರಮನೆಯ ಕೋಣೆಯಲ್ಲಿ ಉಳಿಯಿತು, ಲಂಡನ್ನಿನ ಸಭಾಂಗಣದಲ್ಲಿ ಮೊಳಗಿತು. ಈಗಲೂ ಹೊರಗಿನ ವಾದ್ಯವೃಂದಗಳು ಬಂದರೆ ಬೆಂಗಳೂರಿಗೆ ಬಂದು ಅಲ್ಲಿಂದಲೇ ಹಿಂತಿರುಗುತ್ತವೆ. ತುಮಕೂರಿನಾಚೆಗೆ ಅವುಗಳ ದಾರಿ ಬೆಳೆಯಬೇಕು ಎಂಬ ಆಸೆ ನನ್ನದು.

ಅಲ್ಲಿಯವರೆಗೆ ರೇಡಿಯೊ ಇದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಡಾ. ಎಂ.ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಶುರು ಮಾಡಿದ್ದು ನಿಮಗೆಲ್ಲ ಗೊತ್ತು. ಬೆಳಗಾಗೆದ್ದು ರೇಡಿಯೊ ತಿರುಗಿಸಿದಾಗ ತಂಬೂರಿಯ ಮೇಲೆ ತೇಲಿಬರುವ ಆ ಪಿಟೀಲಿನ ಮಟ್ಟು ಇದೆಯಲ್ಲ, ಅದನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್. ಬೊಹೀಮಿಯಾದ ಯಹೂದಿ, 1934ರಲ್ಲಿ ಮುಂಬಯಿಗೆ ಬಂದು, ಅಲ್ಲಿನ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಂಡವರು. ಹಾಲು ಕರೆಯುವ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಎಷ್ಟು ಸಾವಿರ ಬೆಳಗು ಆ ಮಟ್ಟು ಕೇಳಿಸಿದೆಯೋ! ಮೊಝಾರ್ಟನ ಪರಂಪರೆಯಲ್ಲಿ ಕಲಿತವರ ಕೈಯ ಕೆಲಸ ನಮ್ಮ ಕಿವಿಗೆ ಆಗಲೇ ಒಗ್ಗಿದೆ.

ನಾಲ್ಕೂ ತಾಲ್ಲೂಕುಗಳ ಪ್ರೌಢಶಾಲೆಯ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಮನವಿ. ಒಂದು ಶನಿವಾರ ಮಧ್ಯಾಹ್ನ ಮಕ್ಕಳನ್ನು ಕೂರಿಸಿ. ಮೊಬೈಲಿಗೆ ಒಂದು ಒಳ್ಳೆಯ ಸ್ಪೀಕರ್ ಜೋಡಿಸಿದರೆ ಸಾಕು. ಮೊದಲು ಹೈಡನ್ನನ 94ನೆಯ ಸಿಂಫೊನಿ. ಅದರ ಎರಡನೆಯ ಭಾಗ ಎರಡು ಕೈಬೆರಳಲ್ಲಿ ನುಡಿಸಬಹುದಾದಷ್ಟು ಸರಳ ಮಟ್ಟಿನಿಂದ ಮೆತ್ತಗೆ ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ನಗಾರಿ ಸಮೇತ ಎಲ್ಲ ವಾದ್ಯಗಳೂ ಒಂದೇ ಏಟು ಹೊಡೆಯುತ್ತವೆ. ಆ ಏಟಿನ ಗುಟ್ಟನ್ನು ಮಕ್ಕಳಿಗೆ ಮುಂಚೆ ಹೇಳಬೇಡಿ. ಆಮೇಲೆ ಮೊಝಾರ್ಟನ 20ನೆಯ ಕನ್ಚೆರ್ಟೊ. ನಡುವೆ ಹತ್ತು ನಿಮಿಷ ಬಿಡುವು ಕೊಟ್ಟು, ಕೊನೆಗೆ ಬೇಥೋವನ್ನನ ಮೊದಲ ಸಿಂಫೊನಿ. ಎಲ್ಲ ಸೇರಿ ಸುಮಾರು ಒಂದೂವರೆ ಗಂಟೆ. ಯಾವ ಭಾಗ ಹಿಡಿಸಿತು ಎಂದು ಮಕ್ಕಳನ್ನೇ ಕೇಳಿ, ಹಿಡಿಸಿದ್ದನ್ನು ಇನ್ನೊಮ್ಮೆ ಹಾಕಿ.